ಎರಡೂ ಮಗ್ಗುಲಲ್ಲಿ ಅದೇ ಮುಖ

ಮಾರ್ಚ್ 12, ಮಂಗಳವಾರ

ಹೊಲಿಗೆ ಮೆಷಿನ್ನಿನ ಬೆಲ್ಟ್ ಮತ್ತೆ ಕಿತ್ತುಹೋಯಿತು. ಜೂನ್‌ನಲ್ಲಿ ನಮ್ಮ ಕನ್ಯಾಮಠದ ಬೆಳ್ಳಿಹಬ್ಬ, ಹೆಂಗಸರು ಉಡುವ ಚಿಟೇಂಜೆ ಬಟ್ಟೆ ಇನ್ನೂ ಅರವತ್ತಕ್ಕೆ ಅಂಚು ಹೊಲಿಯಬೇಕು. ಬಟ್ಟೆ ಮಾತ್ರ ಚೆನ್ನಾಗಿ ಬಂದಿದೆ. ಹಸಿರು ನೆಲ, ನಡುವೆ ಫಾದರ್ ಕಸಿಮಿರ್ ಮುಖ, ಸುತ್ತ ‘ನಮ್ಮ ಮಠ ಕಟ್ಟಿದ ತಂದೆ’. ಎರಡೂ ಮಗ್ಗುಲು ಬಣ್ಣ ಹಿಡಿಯುವ ಬಟ್ಟೆಯೇ ಬೇಕೆಂದು ಹಟ ಮಾಡಿದವಳು ನಾನು. ಹೆಂಗಸರು ದಿನಾ ಸೊಂಟಕ್ಕೆ ಸುತ್ತುವುದು, ಒಗೆತಕ್ಕೆ ತಡೆಯಬೇಡವೇ?

ಊಟಕ್ಕೆ ಮೊದಲು, ಹೊಸದಾಗಿ ಮಠ ಸೇರಿದ ದೊರಿಕಾ ಬಂದು ಮುಖ ಊದಿಸಿಕೊಂಡು ನಿಂತಳು. “ಸಿಸ್ಟರ್, ಮಧ್ಯಾಹ್ನ ಫಾದರ್ ರೂಮು ಗುಡ್ಸೋಕೆ ನನ್ನ ಕಳಿಸ್ಬೇಡಿ. ಒಳಗಿಂದ ಬಾಗ್ಲು ಹಾಕ್ತಾರೆ.” ಹತ್ತೊಂಬತ್ತು ವರ್ಷ, ಕೆಲಸಗಳ್ಳಿ. ಬೈದೆ. “ಅಂಥ ದೊಡ್ಡೋರು, ಅವರ ಬಾಗ್ಲಲ್ಲಿ ಬಿಷಪ್ಪೇ ಕಾದು ನಿಲ್ತಾರೆ. ನಿಂಗೇನ್ ಕಷ್ಟ?” ಪೊರಕೆ ಹಿಡಿದು ಹೋದಳು.

ಕುಂಬಳದ ಸೊಪ್ಪು ಇವತ್ತೂ ಕಹಿ.

ಮಾರ್ಚ್ 21

ದೊರಿಕಾಳನ್ನು ಮನೆಗೆ ಕಳಿಸಿದೆವು. ವಿಧೇಯತೆ ಇಲ್ಲ ಎಂದು ಫಾದರೇ ಬರೆದರು. ಹೊಸ ಹುಡುಗಿಯರೆಲ್ಲ ನನ್ನ ಸುಪರ್ದಿ, ಕೆಳಗೆ ನನ್ನ ಸಹಿ. ಹೆಣ್ಣುಮಗಳನ್ನು ಬರಿಗೈಲಿ ಕಳಿಸುವುದುಂಟೆ? ಹೊಸ ಚಿಟೇಂಜೆ ಒಂದು ಮಡಿಸಿ ಕೊಟ್ಟೆ. ಕೈ ಚಾಚಲಿಲ್ಲ. ಬುಟ್ಟಿಗೆ ತುರುಕಿದೆ. ಎಷ್ಟು ಕೊಬ್ಬು.

ಆಗಸ್ಟ್ 6, ಬೆಳಿಗ್ಗೆ ಹತ್ತು

ಬಿಷಪ್ಪರ ಕಾಗದ ಬಂತು. ಫಾದರ್ ಕಸಿಮಿರ್ ಮೇಲೆ ಮೂವರ ದೂರು. ಮೊದಲಿಬ್ಬರು ನಮ್ಮ ಸಿಸ್ಟರುಗಳೇ, ಈಗ ಬೇರೆ ಮಿಷನ್ನಿನಲ್ಲಿದ್ದಾರೆ. ಅವರು ಹೇಳಿದ್ದು ನಿಜ ಎಂದಿದೆ ವಿಚಾರಣೆಯ ಸಮಿತಿ. ಮೂರನೆಯವಳು ದೊರಿಕಾ. ದಿನಾಂಕ ಹೇಳಲಾರಳು, ಯಾರಿಗೆ ಹೇಳಿದ್ದಳೆಂಬುದಕ್ಕೂ ಆಧಾರವಿಲ್ಲ. ಆದ್ದರಿಂದ ಒಪ್ಪಲಾಗದು.

ನಮ್ಮ ಮದರ್ ಮೊಡೆಸ್ತಾ ಮೊದಲು ಕೇಳಿದ್ದೇನು? “ಚಿಟೇಂಜೆ ಎಷ್ಟು ಹಂಚಿದೀವಿ?”

ಆಗಸ್ಟ್ 11, ಭಾನುವಾರ

ಪೂಜೆ ಮುಗಿದ ಮೇಲೆ ಮದರ್ ಅಪ್ಪಣೆ: ಚಿಟೇಂಜೆ ಉಡುವವರು ಒಳಮಗ್ಗುಲು ಹೊರಗೆ ಮಾಡಿ ಉಡಬೇಕು. ಎರಡೂ ಮಗ್ಗುಲಲ್ಲಿ ಅದೇ ಮುಖವಿದೆ ಎಂದು ಕಿವಿಯಲ್ಲಿ ಹೇಳಿದೆ. ಕೇಳಬೇಕಲ್ಲ!

ಸಂಜೆಯ ಜಪಕ್ಕೆ ಹೆಂಗಸರೆಲ್ಲ ಹಾಗೇ ಉಟ್ಟು ಬಂದರು. ಮಹಿಳಾ ಸಂಘದ ನಾಫಿರಿ ನನ್ನ ಮುಂದೆ ಒಂದು ಸುತ್ತು ತಿರುಗಿದಳು. “ಮೊದ್ಲು ಎಡಕ್ಕೆ ನೋಡ್ತಿದ್ದ. ಈಗ ಬಲಕ್ಕೆ ನೋಡ್ತಾನೆ. ಇಷ್ಟೇನಾ ಸಿಸ್ಟರ್ ಶಿಕ್ಷೆ?”

“ಸುಮ್ನಿರಮ್ಮ.”

“ಇರ್ಲಿ ಬಿಡಿ. ಕೂತ್ಕೊಳ್ಳೋದಂತೂ ಅವನ ಮೇಲೇ.”

ನಕ್ಕುಬಿಟ್ಟೆ.

ಆಗಸ್ಟ್ 19

ಮೂರು ತಾಸು ಸಭೆ. ಚಿಟೇಂಜೆಗಳನ್ನು ಸುಡಬೇಕೋ, ಕತ್ತರಿಸಿ ನೆಲ ಒರೆಸಬೇಕೋ, ಕಪ್ಪು ಬಣ್ಣದಲ್ಲಿ ಅದ್ದಬೇಕೋ… ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಇಡೀ ಸಭೆಯಲ್ಲಿ ಒಬ್ಬ ಹುಡುಗಿಯ ಹೆಸರೂ ಬರಲಿಲ್ಲ. ಕೊನೆಗೆ ನಾನೇ ಕೇಳಿದೆ, “ದೊರಿಕಾ ಗತಿ?”

“ಗಾಯ ಕೆದಕ್ಬೇಡಿ ಸಿಸ್ಟರ್ ಸ್ಕೊಲಾಸ್ತಿಕಾ. ಪ್ರಾರ್ಥನೆ ಮಾಡಿ.”

ಗಾಯ ನಮ್ಮದೇನೋ ಎಂಬಂತೆ. ಸಾಕಾಗಿದೆ ಈ ಮದರ್ ಸಹವಾಸ. ನನ್ನ ಸಹವಾಸವೂ.

ಸೆಪ್ಟೆಂಬರ್ 4, ಬುಧವಾರ

ಯಾರನ್ನೂ ಕೇಳದೆ ದೊರಿಕಾಳ ಊರಿಗೆ ಹೋದೆ. ಮಿನಿಬಸ್ಸು, ಆಮೇಲೆ ಬಾಡಿಗೆ ಸೈಕಲ್ಲು. ಅವಳಮ್ಮ ಚಾಪೆ ಹಾಸಲಿಲ್ಲ. ನಮ್ಮಲ್ಲಿ ಮನೆಗೆ ಬಂದ ಕಳ್ಳನಿಗೂ ಚಾಪೆ ಹಾಸುತ್ತಾರೆ.

ದೊರಿಕಾ ಕಡಲೆಕಾಯಿ ಸುಲಿಯುತ್ತಿದ್ದಳು. ಚಿಕ್ಕವರು ದೊಡ್ಡವರ ಮುಂದೆ ಮೊಣಕಾಲೂರುವುದು ಪದ್ಧತಿ. ನಾನು ಅವಳ ಮುಂದೆ ಊರಿದೆ. ತಪ್ಪಾಯ್ತು ಎಂದೆ.

“ಏಳಿ. ನಿಮ್ ಕಾಲು ನೋಯುತ್ತೆ.” ಸುಲಿಯುವುದು ನಿಲ್ಲಿಸಲಿಲ್ಲ. “ನಾನು ನಿಮ್ಗೆ ಹೇಳಿದ್ದು ಯಾವತ್ತು ಸಿಸ್ಟರ್? ಸಮಿತಿಯೋರು ಅದನ್ನೇ ಕೇಳ್ತಾರೆ. ಎಲ್ಲಾ ದಿನಾನೂ ಒಂದೇ ಥರ ಇತ್ತು, ನಂಗೆ ನೆನಪಿಲ್ಲ. ನಾನು ಸುಳ್ಳಿ ಅಂತ ಚರ್ಚಲ್ಲಿ ಯಾರೂ ಪಕ್ಕ ಕೂರಲ್ಲ.” ಆಮೇಲೆ ತಲೆ ಎತ್ತಿದಳು. “ಸಂಜೆ ಹೊತ್ತು ಕೆಂಪು ಪುಸ್ತಕದಲ್ಲಿ ಬರೀತಿದ್ರಲ್ಲ. ಅದ್ರಲ್ಲಿ ಇಲ್ವಾ?”

ಹೊರಡುವಾಗ ಅವಳಮ್ಮ ಒಂದು ಗಂಟು ಕೈಗಿಟ್ಟಳು. ಮಾರ್ಚಿನಲ್ಲಿ ನಾನು ಕೊಟ್ಟ ಚಿಟೇಂಜೆ. ಮಡಿಕೆ ಬಿಚ್ಚಿರಲಿಲ್ಲ.

ಸೆಪ್ಟೆಂಬರ್ 5, ಮಧ್ಯಾಹ್ನ

ಇದೆ. ಮಾರ್ಚ್ 12. ಅವಳ ಮಾತು ಇದ್ದದ್ದು ಇದ್ದ ಹಾಗೆ. ಕೆಳಗೆ ನನ್ನ ಮಾತು. ಅದರ ಕೆಳಗೆ ಕುಂಬಳದ ಸೊಪ್ಪು. ನಾಚಿಕೆಯಿಂದ ಸತ್ತೆ.

ಮದರ್‌ಗೆ ತೋರಿಸಿದೆ. ಎರಡು ಸಲ ಓದಿದರು. “ಅವಳು ಹೇಳಿದ್ದಷ್ಟೇ ಬೇರೆ ಹಾಳೇಲಿ ನಕಲು ಮಾಡಿ ಕೊಡಿ. ನೀವು ಬೈದಿದ್ದೆಲ್ಲ ಅವರಿಗ್ಯಾಕೆ? ಮಠದ ಮಾನ ನೋಡಿ.”

“ನಾನು ಬೈದಿದ್ದೇ ಸಾಕ್ಷಿ ಮದರ್. ಬೈಸ್ಕೊಂಡೋಳು ಹೇಳಿರ್ಲೇಬೇಕಲ್ಲ.”

ಅಪ್ಪಣೆ ಮೀರಿದರೆ ನಿಮ್ಮ ಜಾಗ ನೋಡಿಕೊಳ್ಳಿ ಎಂದರು. ಇಪ್ಪತ್ತೊಂದು ವರ್ಷದಿಂದ ಇಲ್ಲಿ ಸಿಸ್ಟರು ನಾನು, ಇನ್ನು ಯಾವ ಜಾಗ ನೋಡಲಿ?

ಸೆಪ್ಟೆಂಬರ್ 6, ಶುಕ್ರವಾರ, ಬೆಳಿಗ್ಗೆ ಆರು

ಪುಸ್ತಕ ಇಡಿಯಾಗಿ ಸಮಿತಿಗೆ. ಯಾರೂ ಓದುವುದಿಲ್ಲವೆಂದು ಬರೆದದ್ದು. ಮದರ್ ಬಗ್ಗೆ ಬರೆದದ್ದೂ ಇದೆ, ಓದಿಕೊಳ್ಳಲಿ. ‘ಕೆಲಸಗಳ್ಳಿ’ ಹೊಡೆದುಹಾಕೋಣವೆಂದು ಪೆನ್ನು ತೆಗೆದೆ. ಹೊಡೆಯಲಿಲ್ಲ. ‘ಕೊಬ್ಬು’ ಕೂಡ ಹಾಗೇ ಇದೆ.

ಮಿನಿಬಸ್ಸು ಹಾರನ್ ಹೊಡೆಯುತ್ತಿದೆ.

ಸಮಿತಿಯವರೇ, ಮಾರ್ಚ್ ಹನ್ನೆರಡು. ಮಂಗಳವಾರ. ಊಟಕ್ಕೆ ಮೊದಲು. ಅವಳು ಬಾಯಿಬಿಟ್ಟು ಹೇಳಿದಳು. ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡು, ಅವತ್ತು ಮಧ್ಯಾಹ್ನವೂ ಅವಳನ್ನು ಅಲ್ಲಿಗೇ—