ಕೊಯ್ಯದೆ ಬಿಡುವ ಅಂಚು

ಹದಿನಾಲ್ಕು, ಮಂಗಳವಾರ.

ಅಣ್ಣನ ಮಕ್ಕಳಿಬ್ಬರ ತೋಟದ ನಡುವಿನ ಗಡಿಕಲ್ಲು ಇವತ್ತಿಡೀ ನನ್ನ ತಲೆಯ ಮೇಲೇ ಕೂತಿತ್ತು. ನಾಳೆ ಬೇಲಿ ಹಾಕಿಸುತ್ತಾರಂತೆ. ಮಾತು ಬಿಟ್ಟು ತಿಂಗಳಾಯಿತು. ಬೇಲಿಯೂ ಬಿದ್ದರೆ ಮುಗಿಯಿತು.

ಸಂಜೆ ಇಬ್ಬರೂ ನನ್ನ ಹೊಲಿಗೆ ಯಂತ್ರದ ಮುಂದೆ ಹಾಜರು.

“ಅತ್ತೆ, ನೀವು ಓದೋ ಹೀಬ್ರೂ ಬೈಬಲ್ ಶಾಸ್ತ್ರದಲ್ಲೇ ಇದೆಯಲ್ಲ, ನೆರೆಯವನ ಗಡಿಕಲ್ಲು ಸರಿಸಬಾರದು ಅಂತ. ಹೇಳಿ ಇವನಿಗೆ,” ಎಂದ ದೊಡ್ಡವನು.

“ಸರಿಸಿದ್ದು ಯಾರು ಅಂತ ಅವನನ್ನೇ ಕೇಳಿ ಅತ್ತೆ,” ಎಂದ ಚಿಕ್ಕವನು.

ದೇವರ ಮಾತನ್ನು ಇಬ್ಬರೂ ದೊಣ್ಣೆ ಮಾಡಿಕೊಂಡರಲ್ಲ ಎಂದು ಸಂಕಟವಾಯಿತು. ಅದೇ ಶಾಸ್ತ್ರದಲ್ಲಿ ಇನ್ನೊಂದು ಮಾತೂ ಇದೆ ಎಂದೆ. ನೆಲ ದೇವರದು, ನಾವು ಬಂದು ಹೋಗುವವರು. ಹೊಲದ ಅಂಚಿನವರೆಗೂ ಕೊಯ್ಯಬೇಡ, ಅಂಚಿನದು ಬಡವರಿಗೆ, ಪರದೇಶಿಗಳಿಗೆ.

“ಹಾಗಾದ್ರೆ ಗಡಿನೇ ಬೇಡ್ವಾ?” ಎಂದ ದೊಡ್ಡವನು.

“ಬೇಕು ಕಣೋ. ಗಡಿ ಇದ್ರೆ ತಾನೇ ಅಂಚು? ಗೆರೆಗೆ ಸರಿಯಾಗಿ ಬಟ್ಟೆ ಕತ್ತರಿಸಿದ್ರೆ ಹೊಲಿಗೆ ನಿಲ್ಲುತ್ತಾ? ಎರಡೂ ತುಂಡಲ್ಲಿ ಬೆರಳಗಲ ಬಿಡಬೇಕು. ಹೊಲಿಗೆ ಹಿಡಿಯೋದೇ ಆ ಬಿಟ್ಟಿದ್ದರಲ್ಲಿ.”

“ಅತ್ತೆಗೆ ದೇವರೂ ದರ್ಜಿನೇ,” ಎಂದು ಚಿಕ್ಕವನು ನಕ್ಕ.

ದೊಡ್ಡವನು ನಗಲಿಲ್ಲ. ಚಪ್ಪಲಿ ಮೆಟ್ಟುತ್ತಾ, ನನ್ನನ್ನಲ್ಲ, ತಮ್ಮನನ್ನೇ ಕೇಳಿದ: “ಕಲ್ಲಿನ ಆಚೀಚೆ ಒಂದೊಂದು ಸಾಲು ಹೋಗೋಬರೋರಿಗೆ ಅಂತ ಬಿಟ್ರೆ ಏನು ಹಾಕೋದು?”

“ಕುಂಬಳ. ಅದು ನಿನ್ನ ಮಾತೂ ಕೇಳಲ್ಲ, ನನ್ನ ಮಾತೂ ಕೇಳಲ್ಲ.”

“ಕುಂಬಳ ಹಬ್ಬೋಕೆ ಬೇಲಿ ಅಡ್ಡ ಆಗಲ್ವೇನೋ, ದಡ್ಡ!”

ಕಲ್ಲಿನ ಜಾಗ ಇನ್ನೂ ತೀರ್ಮಾನವಾಗಿಲ್ಲ. ಆದರೆ ಬೀದಿಯ ತಿರುವಿನವರೆಗೂ ಕಿತ್ತಾಡುತ್ತಾ ಒಟ್ಟಿಗೇ ಹೋದರು. ಎಷ್ಟು ಚೆಂದದ ಜಗಳ! ಕಣ್ಣು ಎಳೆಯುತ್ತಿದೆ. ಬೆಳಿಗ್ಗೆ ಎದ್ದವಳೇ ಕುಂಬಳದ ಬೀಜ ಎಲ್ಲಿಟ್ಟಿದ್ದೇನೋ ಹುಡುಕಬೇಕು…