ಪ್ರೊಯೆತ್ತಿ ಮನೆಯ ಸೊಸೆ

ಸ್ಪೊಲೆತೊ,
೧೪ ಅಕ್ಟೋಬರ್ ೧೯೭೮

ನನ್ನ ಲೊರೆದಾನಾ,

ನೀನು ಚೆನ್ನಾಗಿದ್ದೀಯೆಂದು ಪುರಸಭೆಯ ಬಾಗಿಲಿಗೆ ಅಂಟಿಸಿದ ಕಾಗದದಿಂದ ತಿಳಿಯಿತು. ಅಮ್ಮನಿಗೆ ಒಂದು ಸಾಲು ಬರೆಯಲು ಬಿಡುವಿಲ್ಲದವಳಿಗೆ ಸರ್ಕಾರಕ್ಕೆ ಅರ್ಜಿ ಬರೆಯಲು ಬಿಡುವಾಗಿದೆ, ಸಂತೋಷ. ಅಪ್ಪನ ಮನೆತನದ ಹೆಸರು ಪ್ರೊಯೆತ್ತಿ ಬೇಡ, ಅಮ್ಮನ ತವರಿನ ಹೆಸರು ರನಾಲ್ದಿ ಬೇಕು ಎಂದು ಕೇಳಿದ್ದೀಯೆ. ಆಕ್ಷೇಪಣೆ ಇದ್ದವರು ತಿಂಗಳೊಳಗೆ ತಿಳಿಸಬೇಕಂತೆ.

ಅದನ್ನು ಮೊದಲು ಓದಿದವನು ಕ್ಷೌರದ ಸೆತ್ತಿಮಿಯೊ. ಸೋಪು ಹಚ್ಚಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ನಮ್ಮ ಬಾಗಿಲಿಗೆ ಓಡಿಬಂದ. “ಎಲ್ವೀರಕ್ಕಾ, ನಿನ್ ಮಗಳಿಗೆ ಅಪ್ಪನ ಹೆಸರು ಅಜೀರ್ಣ ಆಯ್ತಂತಲ್ಲ” ಎಂದ. “ನಿನ್ ಗಿರಾಕಿ ಕೆನ್ನೆ ಒಣಗ್ತಿದೆ, ಹೋಗಯ್ಯ” ಎಂದೆ. ಅವನು ಹೋಗುವಷ್ಟರಲ್ಲಿ ಒಲೆಯ ಮೇಲಿನ ಕಾಳು ತಳ ಹಿಡಿದಿತ್ತು. ನನಗೆ ಸಿಟ್ಟು ಬಂದಿತ್ತು ಮಗಳೇ, ಈಗಲೂ ಇಳಿದಿಲ್ಲ.

ನಿನ್ನ ಭಾವೀ ಅತ್ತೆ, ಆ ಪೆರೂಜಾದ ವಕೀಲರ ಹೆಂಡತಿ, ಊಟದ ಮೇಜಿನಲ್ಲಿ ನಿನ್ನ ಹೆಸರು ಕೇಳಿ ನಕ್ಕಳೆಂದು ಆಗಸ್ಟಿನಲ್ಲಿ ನೀನೇ ಹೇಳಿದ್ದೆ. ಆಕೆ ಪೂರ್ತಿ ನಗಲಿ, ಇದನ್ನು ಓದಿ ಹೇಳು. ಪ್ರೊಯೆತ್ತಿ ಎಂದರೆ ಎಸೆದುಬಿಟ್ಟ ಕೂಸುಗಳು. ಇಲ್ಲಿನ ಆಸ್ಪತ್ರೆಯ ಗೋಡೆಯಲ್ಲಿ ಒಂದು ಮರದ ತಿರುಗುಪೆಟ್ಟಿಗೆ ಇತ್ತು. ಸಾಕಲಾರದ ಮಗುವನ್ನು, ನನ್ನದೆಂದು ಹೇಳಿಕೊಳ್ಳಲಾರದ ಮಗುವನ್ನು ಬೀದಿಯ ಕಡೆಯಿಂದ ಅದರಲ್ಲಿ ಮಲಗಿಸಿ ಗಂಟೆ ಬಾರಿಸಿದರೆ ಒಳಗಿನ ಸನ್ಯಾಸಿನಿ ಪೆಟ್ಟಿಗೆ ತಿರುಗಿಸಿ ಎತ್ತಿಕೊಳ್ಳುತ್ತಿದ್ದಳು. ಹಾಗೆ ಬಂದವರಿಗೆಲ್ಲ ಅದೊಂದೇ ಹೆಸರು.

ನಿನ್ನ ಅಪ್ಪನ ಮುತ್ತಜ್ಜ ಫೆದೇಲೆ ಹಾಗೆ ಬಂದವನು. ಹಾಲೂಡಿಸಲು ಅವನನ್ನು ಬೆಟ್ಟದೂರಿನ ಅಸ್ಸುಂತಾಳಿಗೆ ಕೊಟ್ಟರು. ಆಸ್ಪತ್ರೆಯ ಕೂಲಿ ನಿಂತಾಗ ಬೇರೆ ದಾದಿಯರು ಮಕ್ಕಳನ್ನು ತಂದೊಪ್ಪಿಸಿದರು. ಇವಳು ಮಾತ್ರ “ನನ್ ಹಾಲು ಕುಡಿದಿದ್ದಾನೆ, ಕೊಡೋಕಾಗಲ್ಲ, ಬೇಕಾದ್ದು ಮಾಡ್ಕೊಳ್ಳಿ” ಎಂದಳಂತೆ. ಆ ಹುಡುಗ ಬೆಳೆದು ಕಲ್ಲುಕುಟಿಗನಾದ, ಮನೆ ಕಟ್ಟಿದ, ತನ್ನ ಹೆಸರನ್ನು ಬಾಗಿಲ ಮೇಲಿನ ಕಲ್ಲಿನಲ್ಲಿ ತಾನೇ ಕೆತ್ತಿದ. ಬೀದಿಯಲ್ಲಿ ಹೋಗುವವರು ಓದಲೆಂದೇ ದೊಡ್ಡದಾಗಿ ಕೆತ್ತಿದ.

ಇನ್ನು ನಿನಗೆ ಬೇಕಾದ ರನಾಲ್ದಿಗಳ ವಿಷಯ. ಹಿರಿಯರ ಹೆಸರೆಲ್ಲ ಗೊತ್ತಿರುವ ಮನೆತನ, ನಿಜ. ನಿನ್ನ ಅಪ್ಪ ಕ್ವಿಂತೊ ನನ್ನನ್ನು ಕೇಳಲು ಬಂದಾಗ ನನ್ನ ಅಪ್ಪ ಕುಳಿತುಕೋ ಎಂದೂ ಅನ್ನಲಿಲ್ಲ. “ಯಾರ್ ಹೊಟ್ಟೇಲಿ ಹುಟ್ಟಿದ್ರೋ ಗೊತ್ತಿಲ್ದವ್ರಿಗೆ ನಾವು ಹೆಣ್ಣು ಕೊಡಲ್ಲ” ಎಂದರು. ಕ್ವಿಂತೊ ಟೋಪಿ ಕೈಯಲ್ಲಿ ಹಿಡಿದುಕೊಂಡೇ, “ಯಾರು ಎತ್ಕೊಂಡ್ರು ಅಂತ ಗೊತ್ತು ಯಜಮಾನ್ರೇ, ನಮಗಷ್ಟು ಸಾಕು” ಎಂದರು. ನಾನು ಅವತ್ತೇ ಅವರ ಜೊತೆ ಹೊರಟೆ. ಮದುವೆಗೆ ತವರಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಅಜ್ಜನಿಗೆ ಕಾಲುನೋವಿತ್ತು ಎಂದು ನಿನಗೆ ಹೇಳುತ್ತಿದ್ದೆನಲ್ಲ, ಆ ಕಾಲಿನಲ್ಲೇ ಅವರು ಅಂದು ಹಂದಿ ಬೇಟೆಗೆ ಹೋಗಿದ್ದರು. ನೀನು ಹುಟ್ಟಿದಾಗ ಬೀದಿಯ ಪ್ರೊಯೆತ್ತಿ ಹೆಂಗಸರೆಲ್ಲ ಕೋಳಿಸಾರಿನ ಪಾತ್ರೆ ಹಿಡಿದು ಬಂದರು. ರನಾಲ್ದಿಗಳು ಆಗಲೂ ಬರಲಿಲ್ಲ.

ಆಕ್ಷೇಪಣೆ ಬರೆದುಕೊಡು ಎಂದು ಸೆತ್ತಿಮಿಯೊ, ನಿನ್ನ ದೊಡ್ಡಪ್ಪ, ಕೊನೆಗೆ ಪಾದ್ರಿಗಳೂ ದುಂಬಾಲು ಬಿದ್ದಿದ್ದಾರೆ. ನಾನು ಕೊಡುವುದಿಲ್ಲ. ಬಲವಂತದಿಂದ ಹೆಸರು ಉಳಿದೀತು, ಮಗಳು ಉಳಿಯುವುದಿಲ್ಲ. ಬಿಡುವುದಾದರೆ ಬಿಡು, ಆದರೆ ನಾಚಿಕೆಯಿಂದ ಬಿಡಬೇಡ. ನಕ್ಕವರು ನಾಚಲಿ.

ಮದುವೆಗೆ ಬರುತ್ತೇನೆ, ಮೊದಲ ಸಾಲಿನಲ್ಲೇ ಕೂರುತ್ತೇನೆ. ನಿನ್ನ ಅತ್ತೆ ಹೆಸರು ಕೇಳಿದರೆ ಚರ್ಚಿನ ಕೊನೆಯ ಬೆಂಚಿಗೂ ಕೇಳುವಂತೆ ಹೇಳುತ್ತೇನೆ.

ಸಿಟ್ಟೂ ಪ್ರೀತಿಯೂ ಸಮಸಮ ಇರುವ
ನಿನ್ನ ಅಮ್ಮ,
ಎಲ್ವೀರಾ

ಮರೆತ ಮಾತು: ಮದುವೆಯಾಗಿ ಇಷ್ಟು ವರ್ಷವಾದರೂ ಸರ್ಕಾರದ ಕಾಗದದಲ್ಲಿ ನಾನಿನ್ನೂ ರನಾಲ್ದಿಯೇ. ನಿನ್ನೆ ಹೋಗಿ ನಾನೂ ಒಂದು ಅರ್ಜಿ ಕೊಟ್ಟುಬಂದೆ, ರನಾಲ್ದಿ ತೆಗೆದು ಪ್ರೊಯೆತ್ತಿ ಹಾಕಿ ಎಂದು. ಗುಮಾಸ್ತ ತಲೆ ಕೆರೆದುಕೊಂಡು, “ಮಗಳು ಬೇಡ ಅಂದ ಹೆಸರು ನಿಮಗ್ಯಾಕಮ್ಮಾ?” ಎಂದ. “ಅವಳಿಗೆ ಹುಟ್ತಾನೇ ಸಿಕ್ತು, ನಾನು ಮನೆ ಬಿಟ್ಟು ಬಂದು ತಗೊಂಡಿದ್ದು” ಎಂದೆ. ನಿನಗೆ ಆಕ್ಷೇಪಣೆ ಇದ್ದರೆ ಒಂದು ತಿಂಗಳಿದೆ.