ನೀರಿಗೆ ಅದ್ದಿದ ಬೆಲ್ಟು

ಹದಿನಾರು ಗ್ರಾಮ, ನಂಜನಗೂಡು ತಾಲ್ಲೂಕು
೧೪–೮–೨೦೦೩, ಗುರುವಾರ

ರಮ್ಯಳ ಅಪ್ಪನವರಿಗೆ,

‘ಪ್ರೀತಿಯ’ ಎಂಬ ಮಾತನ್ನು ಈ ಸಲ ಬರೆದಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟಿದ್ದೇನೆ. ನಿಮ್ಮ ಕೆಮ್ಮು ಹೇಗಿದೆ? ಮಂಗಳೂರಿನಲ್ಲಿ ಮಳೆ ಇನ್ನೂ ಬಿಟ್ಟಿಲ್ಲವೆಂದು ಪೇಪರಿನಲ್ಲಿ ಓದಿದೆ. ಒದ್ದೆ ಬಟ್ಟೆಯಲ್ಲೇ ಡಿಪೊದ ಬಸ್ಸುಗಳ ಕೆಳಗೆ ಮಲಗಿ ರಿಪೇರಿ ಮಾಡಬೇಡಿ. ಕುಚ್ಚಲಕ್ಕಿ ಅನ್ನ ಹೊಟ್ಟೆಗೆ ಒಗ್ಗಿತೇ? ಇಲ್ಲಿ ಅತ್ತೆ ಚೆನ್ನಾಗಿದ್ದಾರೆ. ರಮ್ಯಳಿಗೆ ಮೊಣಕೈ ತರಚಿದ್ದು ಬಿಟ್ಟರೆ ಅವಳೂ ಚೆನ್ನಾಗಿದ್ದಾಳೆ. ನಾನು ಚೆನ್ನಾಗಿಲ್ಲ. ಗದ್ದಕ್ಕೆ ಹೊಲಿಗೆ ಬಿದ್ದಿದೆ, ಉಸಿರೆಳೆದರೆ ಎದೆ ನೋಯುತ್ತದೆ. ಇದನ್ನೆಲ್ಲ ಫೋನಿನಲ್ಲಿ ಅರ್ಧ ಹೇಳಿದ್ದೇನೆ. ಉಳಿದರ್ಧವನ್ನು ಬರೆಯುತ್ತಿರುವುದು ಯಾಕೆಂದರೆ, ಫೋನಿನಲ್ಲಿ ಏನು ಹೇಳಿದರೂ ನೀವು ಹೂಂ ಅಂದುಬಿಡುತ್ತೀರಿ. ಕಾಗದ ಓದುತ್ತಾ ಎಷ್ಟು ಹೂಂ ಅಂದರೂ ನನಗೆ ಕೇಳಿಸುವುದಿಲ್ಲ, ಅಷ್ಟಾದರೂ ನೆಮ್ಮದಿ.

ಭತ್ತದ ಮೂಟೆಗಳ ಪಕ್ಕ ನಿಲ್ಲಿಸಿದ್ದ ನಮ್ಮ ಹಳೆಯ ಮಾರುತಿಯ ಡ್ರೈವರ್ ಸೀಟ್ ಬೆಲ್ಟನ್ನು ಇಲಿ ಕಡಿದದ್ದು ನಿಮಗೆ ಗೊತ್ತು. ಅಷ್ಟು ಹಳೆಯ ಗಾಡಿಗೆ ಹೊಸದು ಸಿಗುವುದಿಲ್ಲವೆಂದು ನಂಜನಗೂಡಿನ ಮೆಕ್ಯಾನಿಕ್ ಸಿದ್ದರಾಜು ಗುಜರಿಯಿಂದ ಒಂದು ಬೆಲ್ಟು ತಂದುಕೊಟ್ಟ. ಲಾರಿ ಹಿಂದಿನಿಂದ ಗುದ್ದಿದ ಯಾವುದೋ ಕಾರಿನದು. ನನ್ನೆದುರಿಗೇ ಜೋರಾಗಿ ಜಗ್ಗಿ ತೋರಿಸಿದ, ಗಕ್ಕನೆ ಹಿಡಿದುಕೊಂಡಿತು. ಭಾನುವಾರ ಬಂದು ಕೂರಿಸುತ್ತೇನೆ ಎಂದು ಹೇಳಿ ಹೋದ. ಅತ್ತೆ ಮಾತ್ರ ಬೆಲ್ಟಿನ ಹತ್ತಿರಕ್ಕೂ ಬರದೆ, “ಆ ಕಾರ್ನಾಗೆ ಯಾರಾರ ಸತ್ತವ್ರಾ?” ಎಂದು ಕೇಳಿದರು. ಗೊತ್ತಿಲ್ಲ ಎಂದು ನಿಜ ಹೇಳಿದೆ, ಅದೇ ತಪ್ಪಾಯಿತು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲವೆಂದು ವರ್ಷ ವರ್ಷವೂ ಮಠದಲ್ಲಿ ಕೇಳಿಸಿಕೊಂಡು ತಲೆಯಾಡಿಸಿ ಬರುವ ಮನೆ ನಮ್ಮದು. ಕಾರಿನ ಬೆಲ್ಟಿಗೆ ಮಾತ್ರ ಸೂತಕ ಉಂಟಂತೆ! ಶನಿವಾರ ನಾನು ಪಾಠ ಮುಗಿಸಿ ಸ್ಕೂಲಿನಿಂದ ಬರುವಷ್ಟರಲ್ಲಿ ಅದು ಬಟ್ಟೆ ಒಣಹಾಕುವ ತಂತಿಯ ಮೇಲೆ ನೀರು ತೊಟ್ಟಿಕ್ಕಿಸುತ್ತಿತ್ತು. ಪಟ್ಟಿ ಸುತ್ತಿಕೊಳ್ಳುವ ಡಬ್ಬಿಯ ಸಮೇತ ಕಪಿಲೆಯ ನೀರಿನ ಹಂಡೆಯಲ್ಲಿ ಮುಳುಗಿಸಿ, ವಿಭೂತಿ ಬಳಿದು, ತುಕ್ಕು ಹಿಡಿಯಬಾರದೆಂದು ಡಬ್ಬಿಯ ಸಂದಿಗೆ ಹರಳೆಣ್ಣೆಯನ್ನೂ ಬಿಟ್ಟಿದ್ದರು. “ಈಗ್ ಎಳ್ದು ನೋಡವ್ವ, ಬೆಣ್ಣೆ ಅಂಗೆ ಬತ್ತದೆ” ಎಂದು ಹೆಮ್ಮೆಯಿಂದ ಹೇಳಿದರು.

ಅಂದೇ ನಿಮಗೆ ಫೋನ್ ಮಾಡಿ ಕೇಳಿದೆ. “ಏನೂ ಆಗಲ್ಲ, ಒಣಗಿಸಿ ಹಾಕಿಸ್ಕೊ” ಅಂದಿರಿ. ಮರುದಿನ ಬೆಲ್ಟು ಕೂರಿಸುವಾಗ ಸಿದ್ದರಾಜು ಎಳೆದು ನೋಡಿ, “ಯಾಕೋ ಇದು ಇಡೀತಾ ಇಲ್ವಲ್ಲಕ್ಕ” ಅಂದ. ನಮ್ಮೆಜಮಾನರೇ ಸರಿ ಅಂದಿದ್ದಾರೆ, ಸುಮ್ಮನೆ ಕೂರಿಸು ಎಂದು ನಾನೇ ಅವನ ಬಾಯಿ ಮುಚ್ಚಿಸಿದೆ. ಬಸ್ಸುಗಳನ್ನೇ ಬಿಚ್ಚಿ ಜೋಡಿಸುವ ಮನುಷ್ಯನ ಹೆಂಡತಿ ಎಂಬ ಜಂಬ ನನಗೆ.

ಸೋಮವಾರ ಸ್ಕೂಲಿಗೆ ಹೋಗುವಾಗ ಟಿ. ನರಸೀಪುರದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಗದ್ದೆಯ ಕಡೆಯಿಂದ ಹಾರ್ನೂ ಇಲ್ಲದೆ ಅಡ್ಡ ಬಂತು. ಬ್ರೇಕ್ ಒತ್ತಿದೆ. ಬೆಲ್ಟು ನಿಮ್ಮವ್ವ ಹೇಳಿದಂತೆಯೇ ಬೆಣ್ಣೆಯ ಹಾಗೆ ಬಂತು. ಎದೆಯೂ ಗದ್ದವೂ ಸ್ಟೇರಿಂಗಿಗೆ ಬಡಿದವು. ಹಿಂದಿನ ಸೀಟಿನಿಂದ ಉರುಳಿಬಿದ್ದ ರಮ್ಯ, ನನ್ನ ಸೀರೆಯ ಮೇಲಿನ ರಕ್ತ ನೋಡಿ, ಅಮ್ಮ ಸತ್ತೋಯ್ತು ಎಂದು ಕಿರುಚಿಕೊಂಡಳು. ಆ ಕೂಗು ಈಗಲೂ ಕಿವಿಯಲ್ಲಿದೆ. ನಿಮ್ಮ ಕಿವಿಗೂ ಬೀಳಬೇಕಿತ್ತು.

ಮನೆಗೆ ಬಂದು ಅತ್ತೆಯ ಮೇಲೆ ಹರಿಹಾಯ್ದೆ. ಮದುವೆಯಾಗಿ ಬಂದಮೇಲೆ ಅವರೆದುರು ದನಿ ಎತ್ತಿದ್ದು ಅದೇ ಮೊದಲು. ಅವರು ಮೂಲೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡು, “ನಾನೇನ್ ಕೇಳ್ದೆ ಮಾಡ್ಲಿಲ್ಲ ಕಣವ್ವ. ನೀನು ಇಸ್ಕೂಲ್ಗೋದ್ ಮ್ಯಾಕೆ ಪೋನ್ ಮಾಡಿ ಅವನ್ನೇ ಕೇಳ್ದೆ. ಅದ್ದವ್ವ, ಏನೂ ಆಗಕಿಲ್ಲ ಅಂದ” ಎಂದರು. ಕೂಡಲೇ ನಿಮಗೆ ಫೋನ್ ಮಾಡಿದೆ. ನೀವೇನು ಹೇಳಿದಿರಿ, ನೆನಪಿದೆಯೇ? ಡಬ್ಬಿಗೆ ನೀರು, ಎಣ್ಣೆ ಹೋದರೆ ಬೆಲ್ಟನ್ನು ತಡೆಯುವ ಒಳಗಿನ ಹಲ್ಲು ಹಿಡಿಯುವುದಿಲ್ಲ ಎಂದು ಗೊತ್ತಿತ್ತು, ಅವ್ವನ ಮನಸ್ಸು ನೋಯಿಸಬಾರದಲ್ಲ, ಹೇಗೂ ನೀನು ನಿಧಾನಕ್ಕೆ ಓಡಿಸ್ತೀಯ ಎಂದಿರಿ. ಎಂದು, ನಕ್ಕಿರಿ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಮುರಿದರೆ ಹೆಂಡತಿಯ ಪಕ್ಕೆಲುಬು ಮುರಿಯಲಿ, ಅಲ್ಲವೇ? ಅವ್ವನಿಗೂ ಹೂಂ, ನನಗೂ ಹೂಂ. ಊರವರೆಲ್ಲ ನಿಮ್ಮನ್ನು ಹಸುವಿನಂಥ ಮನುಷ್ಯ ಅನ್ನುತ್ತಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಜಗಳವಾಡದ ಗಂಡ ಸಿಕ್ಕಿದನೆಂದು ನಮ್ಮಮ್ಮ ಪಟ್ಟ ಸಂತೋಷ ನೆನೆದರೆ ಮೈ ಉರಿಯುತ್ತದೆ. ಒಂದು ದಿನ ಬೇಡ ಅಂದಿದ್ದರೆ ನಿಮ್ಮವ್ವ ಒಂದು ಹೊತ್ತು ಮುಖ ಊದಿಸಿಕೊಳ್ಳುತ್ತಿದ್ದರು, ಅಷ್ಟೇ. ಸುಳ್ಳು ಹೇಳಿ ಒಳ್ಳೆಯವನಾಗುವವನಿಗಿಂತ ಬೈದು ನಿಜ ಹೇಳುವವನು ವಾಸಿ.

ನಿನ್ನೆ ಅತ್ತೆ ತಾವಾಗಿಯೇ ನನ್ನ ಜೊತೆ ಬಸ್ಸು ಹತ್ತಿ ನಂಜನಗೂಡಿಗೆ ಬಂದರು. ಗುಜರಿ ಅಂಗಡಿಯಲ್ಲಿ ಸೆರಗು ಸಿಕ್ಕಿಸಿ ನಿಂತು, ಇದ್ದಬದ್ದ ಬೆಲ್ಟನ್ನೆಲ್ಲ ಜಗ್ಗಿ ಜಗ್ಗಿ ನೋಡಿದರು. ಹಿಡಿಯದೇ ಇದ್ದುದನ್ನು ಪಕ್ಕಕ್ಕೆ ಎಸೆದರು. ಯಾರು ಸತ್ತಿದ್ದರೆಂದು ಒಂದು ಸಲವೂ ಕೇಳಲಿಲ್ಲ. ಇದನ್ನೂ ತೊಳೀತೀರಾ ಎಂದು ಸಿದ್ದರಾಜು ಕಿಚಾಯಿಸಿದರೆ, “ಸುಮ್ಕಿರ್ಲಾ, ನನ್ ಸೊಸೆ ಮೈಮ್ಯಾಲೆ ಇರೋದು ಇದು” ಎಂದರು. ನಾನು ಅತ್ತ ತಿರುಗಿ ಕಣ್ಣೊರೆಸಿಕೊಂಡೆ. ಬೆಲ್ಟು ಈಗ ಸರಿಯಾಗಿ ಕೂತಿದೆ. ಹೊಲಿಗೆ ಬಿಚ್ಚಿದ ಮೇಲೆ ಮತ್ತೆ ಕಾರಿನಲ್ಲೇ ಸ್ಕೂಲಿಗೆ ಹೋಗುತ್ತೇನೆ.

ಕೆಮ್ಮಿಗೆ ಮೆಣಸಿನ ಕಷಾಯ ಕುಡಿಯಿರಿ. ಅತ್ತೆಯ ಆಶೀರ್ವಾದ ಈ ಸಲವೂ ಇದೆ, ಸ್ವಲ್ಪ ಗೊಣಗಿಕೊಂಡೇ ಕೊಟ್ಟರು. ರಮ್ಯ ಮುತ್ತು ಕಳಿಸಿದ್ದಾಳೆ.

ಇನ್ನೂ ಸಿಟ್ಟಿನಲ್ಲೇ ಇರುವ,
ಶಿವರಂಜನಿ

ತಾ.ಕ.: ಲಕೋಟೆಗೆ ತಾನೇ ಅಂಟು ಹಚ್ಚಬೇಕೆಂದು ರಮ್ಯ ಕೈ ಎಳೆಯುತ್ತಿದ್ದಾಳೆ, ಬೇಗ ಕೇಳಿಬಿಡುತ್ತೇನೆ. ನೀವು ಯುಗಾದಿಯಿಂದ, ‘ಮೈಸೂರಿಗೆ ವರ್ಗ ಕೇಳಿ ಅರ್ಜಿ ಕೊಟ್ಟಿದ್ದೇನೆ, ಇವತ್ತೋ ನಾಳೆಯೋ ಆರ್ಡರು ಬರುತ್ತದೆ’ ಎಂದು ಹೇಳುತ್ತಿದ್ದೀರಿ. ಅಪ್ಪ ಯಾವಾಗ ಬರುತ್ತಾರೆಂದು ಕೇಳಿದಾಗಲೆಲ್ಲ ನಾನು ಮಗಳಿಗೆ ಅದನ್ನೇ ಹೇಳಿದ್ದೇನೆ. ಇವತ್ತು ಬೆಳಿಗ್ಗೆ ಕೇಳಿದಾಗ ಹೇಳಲು ಬಾಯಿ ಬರಲಿಲ್ಲ. ಅರ್ಜಿ ಕೊಟ್ಟಿದ್ದೀರೋ, ಇಲ್ಲವೋ?